ಯಾವ ಬುರುಜಿನ ಹತ್ತಿರ?

ಇನ್ನು ಮೇಲೆ ಗಂಡಿನ ಕಡೆಯವರ ಮುಂದೆ ಕಾಫಿ ತಟ್ಟೆ ಹಿಡಿದು ನಿಲ್ಲುವುದು ತನ್ನಿಂದಾಗದು ಎಂದು ನನ್ನ ನಾದಿನಿ ರುದೈನಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅವಳು ಕಡಲತೀರದ ನಮ್ಮೂರು ಬಾನಿಯಾಸಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಕೊನೆಗೆ ನೋಡಲು ಬಂದವನು ಒಬ್ಬ ಔಷಧಿ ಅಂಗಡಿಯವನು. ಕುರ್ಚಿಯಲ್ಲಿ ಒರಗಿ ಕೂತು, "ಮದುವೆ ಆದ್ಮೇಲೆ ಕೆಲಸ ಬಿಡ್ತೀಯ ತಾನೆ?" ಎಂದು ಕೇಳಿದ. "ನೀವು ಬಿಡ್ತೀರಾ?" ಎಂದಳು ಇವಳು. ಅವನ ತಾಯಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಅತ್ತೆ ಮೂರು ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದರು. ನಾಲ್ಕನೆಯ ದಿನ ಎದ್ದು ಹೊಸ ಉಪಾಯ ಶುರು ಮಾಡಿದರು.

ಅತ್ತೆಯ ಸ್ವಂತ ಹೆಸರು ನನಗೆ ಮದುವೆಯಾಗಿ ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ನಮ್ಮಲ್ಲಿ ಹಿರಿಮಗ ಹುಟ್ಟಿದ್ದೇ ತಡ, ಹೆತ್ತವರ ಹೆಸರು ಮೂಲೆ ಸೇರುತ್ತದೆ. ನನ್ನ ಗಂಡನ ಹೆಸರು ಸುಹೈಲ್. ಹಾಗಾಗಿ ಅತ್ತೆ ಊರಿಗೆಲ್ಲ ಉಮ್ ಸುಹೈಲ್, ಸುಹೈಲನ ತಾಯಿ. ಮಾವ ಅಬು ಸುಹೈಲ್. ಮಾವನಿಗೆ ಪ್ಲಾಸ್ಟಿಕ್ ಚಪ್ಪರದ ಕೆಳಗೆ ಟೊಮೆಟೊ ಬೆಳೆಯುವುದು ಬಿಟ್ಟರೆ ಬೇರೆ ಚಿಂತೆ ಇರಲಿಲ್ಲ. ಮಗಳ ಮದುವೆಯ ಚಿಂತೆಯನ್ನು ಪೂರ್ತಿಯಾಗಿ ಹೆಂಡತಿಗೆ ವಹಿಸಿದ್ದರು.

ಪಕ್ಕದ ಪಟ್ಟಣ ತರ್ತೂಸಿನಲ್ಲಿ ಯಾರದೋ ಮದುವೆಗೆ ಹೋದಾಗ ಅತ್ತೆ ಕೂದಲು ಮಾಡಿಸಿಕೊಳ್ಳಲು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಉಮ್ ಮುಂಜಿದ್ ಎಂಬಾಕೆ. ಇಬ್ಬರೂ ಕೂದಲು ಒಣಗಿಸುವ ಯಂತ್ರದೊಳಗೆ ತಲೆ ತೂರಿಸಿಕೊಂಡು, ಅದರ ಗದ್ದಲಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ಕಿರುಚಿ ಕಿರುಚಿ ಸ್ನೇಹಿತೆಯರಾದರು. ಆಕೆ ವಿಧವೆ. ಮಗ ಮುಂಜಿದ್ ಸರಕು ಹಡಗಿನ ಎಂಜಿನ್ ನೋಡಿಕೊಳ್ಳುವವನು, ರಜೆಗೆ ಬಂದಿದ್ದಾನೆ. ಹೆಣ್ಣು ನೋಡೋಣ ಬಾರೋ ಎಂದರೆ ಅವನೂ ಹಡಗಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾನೆ. "ಹಾಗಾದ್ರೆ ಇಬ್ಬರಿಗೂ ಹೇಳೋದೇ ಬೇಡ" ಎಂದು ಯಂತ್ರದೊಳಗಿಂದಲೇ ತೀರ್ಮಾನವಾಯಿತು. ಶುಕ್ರವಾರ ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಮರ್ಕಬ್ ಕೋಟೆಗೆ ಹೋಗುವುದು. ಅಲ್ಲಿ ಆಕಸ್ಮಿಕವಾಗಿ ಎದುರಾದ ಹಾಗೆ, "ಅಯ್ಯೋ, ನೀವಾ! ಬನ್ನಿ ಬನ್ನಿ, ಒಟ್ಟಿಗೇ ಊಟ ಮಾಡೋಣ" ಎನ್ನುವುದು.

ಗುರುವಾರ ಸಂಜೆ ಫೋನಿನಲ್ಲಿ ಮತ್ತೊಮ್ಮೆ ಮಾತಾಯಿತು. ನಾನು ಪಕ್ಕದಲ್ಲೇ ಪಾಲಕ್ ಸೋಸುತ್ತಿದ್ದೆ.

"ಬುರುಜಿನ ಹತ್ತಿರ ಇರ್ತೀವಿ," ಎಂದರು ಅತ್ತೆ.

"ಹ್ಞಾಂ, ಬುರುಜಿನ ಹತ್ತಿರ," ಎಂದಿತು ಫೋನು.

ಫೋನಿಟ್ಟು ಅತ್ತೆ ನನ್ನ ಕಡೆ ತಿರುಗಿ, "ಹಿಯಾಮ್, ಬಾಯಿಗೆ ಬೀಗ ಹಾಕ್ಕೋ. ಅವಳಿಗೆ ಸುಳಿವು ಸಿಕ್ಕಿದ್ರೆ ನಿನ್ನ ಸುಮ್ನೆ ಬಿಡಲ್ಲ" ಎಂದರು.

ಬೆಳಿಗ್ಗೆ ನನ್ನ ಗಂಡನಿಗೆ ತೈಲ ಕಾರ್ಖಾನೆಯಲ್ಲಿ ಪಾಳಿ ಇತ್ತು. ಅವರನ್ನು ಬಿಟ್ಟು ಉಳಿದ ನಾಲ್ವರು ಮಾವನ ಪಿಕಪ್ ಹತ್ತಿದೆವು. ಮುಂದೆ ಮಾವ, ಅತ್ತೆ. ಹಿಂದೆ ಬುಟ್ಟಿ, ಚಾಪೆ, ನಾನು, ರುದೈನಾ. ಏಪ್ರಿಲ್ ತಿಂಗಳು. ಕಿತ್ತಳೆ ತೋಟಗಳೆಲ್ಲ ಹೂಬಿಟ್ಟು ರಸ್ತೆಯುದ್ದಕ್ಕೂ ತಲೆ ತಿರುಗುವಷ್ಟು ಘಮ. ಗುಡ್ಡದ ನೆತ್ತಿಯ ಮೇಲೆ ಕೋಟೆ ಕಪ್ಪಗೆ, ಬಿಸಿಲಿಗೆ ಬೆನ್ನು ಕೊಟ್ಟ ಎಮ್ಮೆಯ ಹಾಗೆ ಮಲಗಿತ್ತು.

"ಅತ್ತಿಗೆ," ಎಂದಳು ರುದೈನಾ, ಹಾರುವ ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, "ಅಮ್ಮ ತುಟಿಗೆ ಬಣ್ಣ ಹಚ್ಚಿದಾರಲ್ಲ, ಯಾಕೆ?"

"ಹಬ್ಬದ ಹಾಗಿದೆಯಲ್ಲ, ಅದಕ್ಕೆ."

"ಯಾವ ಹಬ್ಬ?"

"ಶುಕ್ರವಾರ," ಎಂದೆ. ಅವಳು ನನ್ನನ್ನು ತನ್ನ ತರಗತಿಯ ಕೊನೆ ಬೆಂಚಿನ ಹುಡುಗಿಯ ಹಾಗೆ ನೋಡಿದಳು.

ಕೋಟೆಯ ಬಾಗಿಲಿನ ಚೌಕ ಬುರುಜಿನ ಕೆಳಗೆ ಅತ್ತೆ ಚಾಪೆ ಹಾಸಿದರು. ಮಾವ ಮಾಟೆ ಎಲೆಯ ಕಷಾಯವನ್ನು ಲೋಹದ ಕೊಳವೆಯಿಂದ ಒಂದೆರಡು ಸಲ ಹೀರಿ, ಅಂಜೂರದ ಮರದ ಕೆಳಗೆ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿಬಿಟ್ಟರು. ಅತ್ತೆ ಮಾತ್ರ ಕತ್ತು ಉದ್ದ ಮಾಡಿ ಬಾಗಿಲನ್ನೇ ನೋಡುತ್ತಿದ್ದರು. ಒಂದು ಬಸ್ಸು ತುಂಬ ಕಾಲೇಜು ಹುಡುಗರು ಬಂದರು, ಡೋಲು ಬಾರಿಸುತ್ತ. ಐಸ್‌ಕ್ರೀಮ್ ಮಾರುವವನು ಬಂದ. ಉಮ್ ಮುಂಜಿದ್ ಮಾತ್ರ ಬರಲಿಲ್ಲ.

"ಹಸಿವು," ಎಂದಳು ರುದೈನಾ, ಬುಟ್ಟಿಗೆ ಕೈ ಹಾಕುತ್ತ.

"ಮುಟ್ಟಬೇಡ!"

"ಯಾಕಮ್ಮ? ಸುಲ್ತಾನರು ಬರ್ತಾರಾ?"

ಅತ್ತೆ ಬೇಲಿಯಾಚೆ ಇಣುಕಲು ಎದ್ದ ಕ್ಷಣದಲ್ಲೇ ಅವಳು ಬುಟ್ಟಿಯಿಂದ ನಾಲ್ಕೈದು ರೊಟ್ಟಿ ಎತ್ತಿ ಶಾಲಿನೊಳಗೆ ಸೇರಿಸಿಕೊಂಡು ನಡೆದೇಬಿಟ್ಟಳು. ಅತ್ತೆಯ ತಂದೂರಿ ರೊಟ್ಟಿ, ಮೇಲೆ ಎಣ್ಣೆಯಲ್ಲಿ ಕಲಸಿದ ಕೆಂಪು ಮೆಣಸಿನ ಲೇಪ. ಬಾನಿಯಾಸಿನಲ್ಲಿ ಅಂಥ ರೊಟ್ಟಿ ಮಾಡುವವರು ಇನ್ನೊಬ್ಬರಿಲ್ಲ. ಅತ್ತೆ ನನ್ನ ಬೆನ್ನಿಗೆ ತಿವಿದು, "ಹೋಗು, ಅವಳ ಹಿಂದೆಯೇ ಇರು. ಆ ಹುಡುಗರ ಗುಂಪಿನಲ್ಲಿ ಕಳೆದುಹೋದಾಳು" ಎಂದರು.

ಶಿಲುಬೆ ಹೊತ್ತು ಯುದ್ಧಕ್ಕೆ ಬಂದ ಫ್ರಾಂಕರು ಕಟ್ಟಿಕೊಂಡ ಪ್ರಾರ್ಥನಾ ಮಂದಿರ ಕೋಟೆಯ ನಡುವೆ ಇದೆ. ಒಳಗೆ ತಂಪು, ಮೇಲೆ ಗೂಡು ಕಟ್ಟಿದ ಪಾರಿವಾಳಗಳು. ರುದೈನಾ ನಟ್ಟನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದಳು. ಸದ್ದು ಕಮಾನಿನಿಂದ ಕಮಾನಿಗೆ ಉರುಳುತ್ತ ಹೋಯಿತು. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡು, ಮತ್ತೆ ತಟ್ಟಿದಳು.

ಮೂಲೆಯಿಂದ ಒಂದು ಗಂಡಸಿನ ದನಿ ಬಂತು. "ನಿದ್ದೆ ಕೆಡಿಸಿದ್ದು ಸರಿ, ಆ ವಾಸನೆ ಎಲ್ಲಿಂದ? ಮೆಣಸಿನ ರೊಟ್ಟಿದಾ?"

ನಾನು ಕಿರುಚಿಯೇಬಿಟ್ಟೆ. ಕಲ್ಲು ಕಟ್ಟೆಯ ಮೇಲಿಂದ ಒಬ್ಬ ಎದ್ದು ಕೂತ. ಮೂವತ್ತು ದಾಟಿದವನು, ಬಿಸಿಲಿಗೆ ಸುಟ್ಟ ಮುಖ, ದಟ್ಟ ಮೀಸೆ, ಗರಿಗರಿ ಇಸ್ತ್ರಿಯ ಬಿಳಿ ಅಂಗಿ.

ರುದೈನಾ ಹೆದರಲಿಲ್ಲ. "ಕಳ್ಳತನದ ರೊಟ್ಟಿ. ಬೇಕಾ?"

"ಕಳ್ಳತನದ್ದಾದ್ರೆ ಬೇಗ ತಿಂದು ಮುಗಿಸ್ಬೇಕು. ಕೊಡಿ." ಒಂದನ್ನು ಎರಡೇ ತುತ್ತಿಗೆ ಮುಗಿಸಿ ಕಣ್ಣು ಮುಚ್ಚಿಕೊಂಡ. "ದೇವರು ನಿಮ್ಮ ಕೈಗೆ ಆಯಸ್ಸು ಕೊಡ್ಲಿ. ಆರು ತಿಂಗಳು ಹಡಗಿನ ಬೇಯಿಸಿದ ಕೋಸು ತಿಂದು ಬಂದವನು ನಾನು. ಇಲ್ಲಿಗೆ ಬಂದ್ರೆ ನಮ್ಮಮ್ಮ ದ್ರಾಕ್ಷಿ ಎಲೆ ಪಾತ್ರೆ ತಬ್ಬಿಕೊಂಡು ಆ ದುಂಡು ಬುರುಜಿನ ಹತ್ತಿರ ಕೂತಿದಾರೆ. ಕೈ ಹಾಕಿದ್ರೆ ಸೌಟಲ್ಲಿ ಏಟು. ಯಾರೋ ಸ್ನೇಹಿತೆ ಬರ್ಬೇಕಂತೆ."

ಹಡಗು. ಬುರುಜು. ಇವನೇ ಮುಂಜಿದ್! ಬುರುಜು ಎಂದರೆ ಅತ್ತೆಗೆ ಬಾಗಿಲ ಬುರುಜು, ಇವನ ತಾಯಿಗೆ ದಕ್ಷಿಣದ ದೊಡ್ಡ ದುಂಡು ಬುರುಜು. ಇಬ್ಬರೂ ಒಂದೊಂದು ತುದಿಯಲ್ಲಿ ಬೇರು ಬಿಟ್ಟು ಕೂತಿದ್ದಾರೆ. ಓಡಿ ಹೋಗಿ ಹೇಳಬೇಕಿತ್ತು. ಆದರೆ ನಾದಿನಿ ಅಷ್ಟರಲ್ಲಿ ಎರಡನೆಯ ರೊಟ್ಟಿಯನ್ನು ಹರಿದು ಅರ್ಧ ತಾನಿಟ್ಟುಕೊಂಡು ಅರ್ಧ ಅವನಿಗೆ ಕೊಡುತ್ತಿದ್ದಳು. ನಾನು ಸುಮ್ಮನೆ ಒಂದು ಕಲ್ಲಿನ ಮೇಲೆ ಕೂತೆ.

"ಯಾವ ಹಡಗು?" ಎಂದಳು.

"ಸಿಮೆಂಟು, ಗೋಧಿ, ಸಿಕ್ಕಿದ್ದನ್ನೆಲ್ಲ ಹೊರೋ ಮುದಿ ಕತ್ತೆ ಅದು. ಊರಿಗೆ ಬರುವಾಗ ನಾವು ಮೊದಲು ಕಾಣೋದೇ ಈ ಕೋಟೆಯನ್ನ. ಎಂಜಿನ್ ಕೋಣೆಯಿಂದ ನಾನು ಮೇಲೆ ಓಡಿ ಬರ್ತೀನಿ. ದಡ ಸೇರೋದಕ್ಕೆ ಇನ್ನೂ ಆರು ಗಂಟೆ ಇರುವಾಗ್ಲೇ ಕಾಣುತ್ತೆ. ಎಂಟು ವರ್ಷದಿಂದ ಸಮುದ್ರದಿಂದ ಇದನ್ನ ನೋಡಿದೀನಿ. ಇಲ್ಲಿಂದ ಸಮುದ್ರ ನೋಡಿದ್ದು ಇವತ್ತೇ ಮೊದಲು."

"ಆರು ಗಂಟೆ ಮೊದಲೇ? ಸಾಧ್ಯ ಇಲ್ಲ."

"ನಾನು ನೋಡಿದೀನಿ ಅಂತಿದೀನಲ್ರಿ!"

"ಭೂಮಿ ಗುಂಡಗಿದೆ ಅಂತ ಶಾಲೆಯಲ್ಲಿ ದಿನಾ ಕಲಿಸೋಳು ನಾನು. ನೀವು ನೋಡಿದ್ರೆ ಚಪ್ಪಟೆ ಆಗುತ್ತಾ? ನಿಮ್ಮ ಕತ್ತೆಯ ವೇಗ ಎಷ್ಟು?"

ಅವನು ಹೇಳಿದ. ಅವಳು ಕಲ್ಲಿನ ಚೂರೊಂದನ್ನು ತೆಗೆದುಕೊಂಡು ನೆಲದ ಮೇಲೆ ಕೂತು ಗುಡ್ಡದ ಎತ್ತರ, ಹಡಗಿನ ಎತ್ತರ ಎಲ್ಲ ಗೀಚತೊಡಗಿದಳು. ಅವನು ಅವಳ ಎದುರು ಕುಕ್ಕುರುಗಾಲಿನಲ್ಲಿ ಕೂತು ಲೆಕ್ಕವನ್ನು ತಲೆಕೆಳಗಾಗಿ ಓದುತ್ತಿದ್ದ.

"ನಾಲ್ಕು ಗಂಟೆ," ಎಂದಳು ಕೊನೆಗೆ. "ಅದಕ್ಕಿಂತ ಮೊದಲು ಕಾಣೋದಿಲ್ಲ."

"ಹಾಗಾದ್ರೆ ಅದಕ್ಕೂ ಮುಂಚಿನ ಎರಡು ಗಂಟೆ ನಾನು ನೋಡ್ತಾ ಇದ್ದದ್ದು ಏನನ್ನ?"

ಅವಳು ಕಲ್ಲಿನ ಚೂರನ್ನು ಕೈಯಲ್ಲಿ ತಿರುಗಿಸುತ್ತ, ಮೆಲ್ಲಗೆ, "ಮನೆಯ ಆಸೆ ಇರ್ಬೇಕು. ಅದಕ್ಕೆ ಭೂಮಿ ಗುಂಡಗಿದ್ರೂ ಅಡ್ಡಿ ಇಲ್ಲ" ಎಂದಳು.

ಮುಂಜಿದ್ ಅವಳನ್ನೇ ನೋಡಿದ.

ಆಮೇಲೆ ಲೆಕ್ಕವನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು ಇಬ್ಬರೂ ಮೆಟ್ಟಿಲು ಹತ್ತಿ ಮಾಳಿಗೆಗೆ ಹೊರಟರು. ನಾನೂ ಏದುಸಿರು ಬಿಡುತ್ತ ಹಿಂದೆ. ಮೇಲೆ ಗಾಳಿ ಎಂದರೆ ಗಾಳಿ. ಕಲ್ಲಿನ ಸಂದಿಗಳಲ್ಲೆಲ್ಲ ಕೆಂಪು ಹೂ, ಹಳದಿ ಸಾಸಿವೆ ಹೂ. ಕೆಳಗೆ ಹಸಿರು ತೋಟ, ಬೆಳ್ಳಗೆ ಹೊಳೆಯುವ ಪ್ಲಾಸ್ಟಿಕ್ ಚಪ್ಪರಗಳು, ಅದರಾಚೆ ಸಮುದ್ರ ಆಕಾಶಕ್ಕೆ ಆನಿಕೊಂಡು ನಿಂತಿತ್ತು. ಅಷ್ಟು ದೂರದಲ್ಲಿ ಒಂದು ಹಡಗು, ಅಕ್ಕಿ ಕಾಳಿನಷ್ಟು.

"ಬೆಳಿಗ್ಗೆ ಎಬ್ಬಿಸಿ ಇಸ್ತ್ರಿ ಅಂಗಿ ಹಾಕಿಸಿದಾರೆ ನಮ್ಮಮ್ಮ," ಎಂದ ಮುಂಜಿದ್, ಗಾಳಿಗೆ ಉಬ್ಬಿದ ಅಂಗಿಯನ್ನು ಒತ್ತಿ ಹಿಡಿಯುತ್ತ. "ಕೋಟೆ ನೋಡೋಕೆ ಇಸ್ತ್ರಿ ಅಂಗಿ ಯಾಕೆ ಹೇಳಿ?"

"ನಮ್ಮಮ್ಮ ತುಟಿಗೆ ಬಣ್ಣ..." ಎಂದ ರುದೈನಾ ಅಲ್ಲಿಗೇ ನಿಲ್ಲಿಸಿದಳು.

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಅತ್ತಿಗೆ?"

"ನನಗೇನೂ ಗೊತ್ತಿಲ್ಲಪ್ಪ," ಎಂದೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಅದು ಅವಳಿಗೆ ಗೊತ್ತು.

ಇನ್ನೇನು ಕೆಂಡಾಮಂಡಲವಾಗುತ್ತಾಳೆ ಎಂದು ನಾನು ಗೋಡೆಗೆ ಒರಗಿ ನಿಂತೆ. ಅಷ್ಟರಲ್ಲಿ ಅವನು, "ಅಂದ್ರೆ ನಾನು ಹೆಣ್ಣು ನೋಡೋಕೆ ಬಂದವನಾ? ಮತ್ತೆ ಕಾಫಿ ಎಲ್ಲಿ?" ಎಂದ. ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿದ.

"ಮೇಡಂ, ನನಗೂ ಗೊತ್ತಿರ್ಲಿಲ್ಲ, ಅಮ್ಮನ ಮೇಲಾಣೆ. ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಆ ಕಡೆ ಮೆಟ್ಟಿಲಿಳಿದು ಹೋಗ್ತೀನಿ. ಒಪ್ಪದೆ ಇದ್ದದ್ದು ನಾನೇ ಅಂತ ಹೇಳ್ತೀನಿ. ನಿಮ್ಮ ಮೇಲೆ ಮಾತು ಬರಲ್ಲ."

ರುದೈನಾ ಸಮುದ್ರದ ಕಡೆ ನೋಡಿದಳು. ಕೂದಲು ಮುಖದ ಮೇಲೆಲ್ಲ ಹಾರುತ್ತಿತ್ತು, ಸರಿಮಾಡಿಕೊಳ್ಳಲಿಲ್ಲ.

"ಒಂದು ಪ್ರಶ್ನೆ," ಎಂದಳು. "ಹೆಂಡತಿ ಕೆಲಸ ಬಿಡ್ಬೇಕು ಅಂತೀರಾ?"

"ವರ್ಷದಲ್ಲಿ ಅರ್ಧ ನಾನು ನೀರಿನ ಮೇಲಿರ್ತೀನಿ. ಅವಳು ಕೆಲಸಾನೂ ಬಿಟ್ಟು ಕೂತು ನಮ್ಮಮ್ಮನ ಜೊತೆ ಜಗಳ ಆಡ್ಲಿ ಅಂತೀರಾ?"

ಈಗ ಅವಳು ನಕ್ಕಳು. ಹೇಗೆ ನಕ್ಕಳೆಂದರೆ, ಪಕ್ಕದ ಗೋಡೆಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ನಾನಂತೂ ಎಷ್ಟೋ ದಿನದಿಂದ ಆ ನಗು ಕೇಳಿರಲಿಲ್ಲ.

ಆಗಲೇ ಕೆಳಗಿನಿಂದ ಗದ್ದಲ ಕೇಳಿಸಿದ್ದು. ಬಗ್ಗಿ ನೋಡಿದೆವು. ಅತ್ತೆ ಕಾದು ಕಾದು ಸಾಕಾಗಿ ಬುಟ್ಟಿ ಹೊತ್ತುಕೊಂಡು ಒಳಗೆ ಬಂದಿದ್ದರು, ಉಮ್ ಮುಂಜಿದ್ ಪಾತ್ರೆ ಹೊತ್ತುಕೊಂಡು ಹೊರಗೆ ಹೊರಟಿದ್ದರು, ಅಂಗಳದ ನಡುವೆ ಇಬ್ಬರೂ ಎದುರಾಗಿದ್ದರು.

"ಬಿಸಿಲಲ್ಲಿ ಒಣಗಿಸಿಬಿಟ್ರಲ್ರೀ ನನ್ನನ್ನ! ಬುರುಜಿನ ಹತ್ತಿರ ಅಂದಿದ್ದೆ ತಾನೆ?"

"ಬುರುಜಿನ ಹತ್ತಿರಾನೇ ಇದ್ದೆ! ಕೋಟೆಯಲ್ಲಿ ಬುರುಜು ಅಂದ್ರೆ ಯಾವುದು? ಆ ದೊಡ್ಡದು! ಬಾಗಿಲಿಗೆ ಬಾಗಿಲು ಅಂತಾರಮ್ಮ!"

"ನನಗೆ ಪಾಠ ಹೇಳ್ತೀರಾ? ಬೇಡ ಅನ್ನಿಸಿದ್ರೆ ಫೋನ್ ಮಾಡಿ ಹೇಳ್ಬೇಕಿತ್ತು. ನನ್ನ ಮಗಳೇನು ದಾರಿಯಲ್ಲಿ ಬಿದ್ದಿದಾಳಾ?"

"ನನ್ನ ಮಗನಿಗೆ ತರ್ತೂಸಲ್ಲಿ ಹೆಣ್ಣು ಕೊಡೋರು ಸಾಲುಗಟ್ಟಿ ನಿಂತಿದಾರೆ!"

"ನಿಂತಿರ್ಲಿ! ಯಾವ ಬುರುಜಿನ ಹತ್ತಿರ ಅಂತ ಮೊದಲು ಕೇಳಿಕೊಳ್ಳೋಕೆ ಹೇಳಿ ಅವರಿಗೆ!"

ಕಾಲೇಜು ಹುಡುಗರು ಡೋಲು ನಿಲ್ಲಿಸಿ ಸುತ್ತ ನೆರೆದರು. ಐಸ್‌ಕ್ರೀಮಿನವನು ಗಾಡಿಯನ್ನು ಹತ್ತಿರಕ್ಕೆ ತಳ್ಳಿಕೊಂಡು ಬಂದ.

"ಮುಗೀತು," ಎಂದೆ ನಾನು. "ಇನ್ನು ಈ ಜನ್ಮದಲ್ಲಿ ಇವರಿಬ್ಬರು ಒಂದು ಚಾಪೆ ಮೇಲೆ ಕೂರಲ್ಲ."

ರುದೈನಾ ಕ್ಷಣ ಯೋಚಿಸಿ ಮುಂಜಿದನಿಗೆ ಹೇಳಿದಳು. "ಕೆಳಗೆ ಹೋಗಿ ನನ್ನನ್ನ ಬೇಡ ಅನ್ನಿ."

"ಏನು?"

"ನಾನೂ ನಿಮ್ಮನ್ನ ಬೇಡ ಅಂತೀನಿ. ನಾನು ಬೇಡ ಅಂದಿದ್ದನ್ನ ನಮ್ಮಮ್ಮ ಇವತ್ತಿನವರೆಗೂ ಒಪ್ಪಿದ್ದಿಲ್ಲ. ನಿಮ್ಮಮ್ಮ?"

"ನಮ್ಮಮ್ಮನೂ ಅದೇ ಜಾತಿ," ಎನ್ನುತ್ತ ಅವನು ಆಗಲೇ ಮೆಟ್ಟಿಲ ಕಡೆ ಓಡುತ್ತಿದ್ದ.

ಅವನು ಒಂದು ಬದಿಯಿಂದ, ನಾವು ಇನ್ನೊಂದು ಬದಿಯಿಂದ ಇಳಿದು ಅಂಗಳ ಸೇರಿದೆವು. ಅವನು ತಾಯಿಯ ಕೈಯಿಂದ ಪಾತ್ರೆ ಇಸಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಏನಮ್ಮ ಇದು? ಹೆಣ್ಣು ತೋರಿಸೋಕೆ ಕರ್ಕೊಂಡು ಬಂದ್ಯಾ? ನನಗೆ ಯಾವ ಹೆಣ್ಣೂ ಬೇಡ. ಅದೂ ಟೀಚರು! ಬೇಡವೇ ಬೇಡ" ಎಂದ.

"ನನಗೂ ಹಡಗಿನವರು ಬೇಡ!" ಎಂದಳು ಇವಳು. "ಮೈಯೆಲ್ಲ ಡೀಸೆಲ್ ವಾಸನೆ!"

ಅತ್ತೆಯ ಬಾಯಿ ತೆರೆದದ್ದು ಹಾಗೇ ಇತ್ತು. ಮೊದಲು ತಿರುಗಿದ್ದು ಉಮ್ ಮುಂಜಿದ್, ಅದೂ ಸ್ವಂತ ಮಗನ ಮೇಲೆ.

"ಟೀಚರಾದ್ರೆ ಏನೋ? ನೀನು ಯಾವ ಸುಲ್ತಾನನ ವಂಶ? ಮುತ್ತಿನಂಥ ಹುಡುಗಿ, ನೋಡು ಹೇಗಿದಾಳೆ! ಮುಖ ನೋಡಿ ಬೇಡ ಅನ್ನೋಕೆ ನಾಲಿಗೆ ಹೇಗೆ ಬಂತು ನಿನಗೆ?"

"ನೀನೇನೇ ಮಾತಾಡೋದು!" ಎಂದು ಅತ್ತೆ ಮಗಳಿಗೆ ಗದರಿದರು. "ಡೀಸೆಲ್ ವಾಸನೆ ಅಂತೆ! ನಿಮ್ಮಪ್ಪನ ಮೈಮೇಲೆ ಇಷ್ಟು ವರ್ಷ ಗೊಬ್ಬರದ ವಾಸನೆ ಕುಡಿದು ನಾನು ಬಾಳಲಿಲ್ವಾ? ದುಡಿಯೋ ಗಂಡಸಿನ ಮೈ ಗುಲಾಬಿ ನಾರುತ್ತಾ? ಉಮ್ ಮುಂಜಿದ್, ಇವಳ ಮಾತು ಮನಸ್ಸಿಗೆ ಹಾಕ್ಕೋಬೇಡಿ."

"ಇಲ್ಲ, ಉಮ್ ಸುಹೈಲ್, ತಪ್ಪು ನನ್ನ ಮಗಂದು. ಸಮುದ್ರದ ಮೇಲಿದ್ದು ಇದ್ದು ಮನುಷ್ಯರ ಜೊತೆ ಮಾತಾಡೋದೇ ಮರೆತಿದಾನೆ."

"ಈ ಕಾಲದ ಮಕ್ಕಳೇ ಹೀಗೆ ಬಿಡಿ."

"ನಾವಾಗಿದ್ದಕ್ಕೆ ಸಾಕಿದ್ದೀವಿ."

ಹೀಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇಬಿಟ್ಟರು. ನಾನು ಶಾಲನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದೆ. ರುದೈನಾ ನೆಲ ನೋಡುತ್ತಿದ್ದಳು, ಭುಜ ಮಾತ್ರ ಅಲುಗುತ್ತಿತ್ತು.

ಅತ್ತೆ ಬುದ್ಧಿ ಹೇಳಲು ಮುಂಜಿದನ ಹತ್ತಿರ ಹೋದರು. "ನೋಡಪ್ಪ, ನೀನು ನನ್ನ ಮಗನ ಹಾಗೆ..." ಎಂದವರು ಅಲ್ಲೇ ತಡೆದರು. ಅವನ ಮುಖವನ್ನೇ, ಮೂಗಿನ ಕೆಳಗೆ, ದಿಟ್ಟಿಸಿ ನೋಡಿದರು. ದಟ್ಟ ಮೀಸೆಯ ಒಂದು ತುದಿಗೆ ಕೆಂಪು ಮೆಣಸಿನ ಲೇಪ ಅಂಟಿಕೊಂಡಿತ್ತು. ಅತ್ತೆ ಬುಟ್ಟಿಯ ಕಡೆ ನೋಡಿದರು. ಮಗಳ ಶಾಲಿನ ಕಡೆ ನೋಡಿದರು. ಶಾಲಿನ ಅಂಚಿನಲ್ಲೂ ಅದೇ ಕೆಂಪು. ಕೊನೆಗೆ ನನ್ನ ಕಡೆ ನೋಡಿದರು. ನನ್ನ ಕಿವಿ ಆಗಲೇ ಉರಿಯುತ್ತಿತ್ತು.

ಅತ್ತೆ ಕಿರುಚಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಹೋಗ್ಲಿ ಬಿಡಿ ಉಮ್ ಮುಂಜಿದ್," ಎಂದರು ಬಹಳ ಶಾಂತವಾಗಿ. "ಮಕ್ಕಳಿಗೆ ಇಷ್ಟ ಇಲ್ಲ ಅಂದ್ಮೇಲೆ ನಾವೇನು ಮಾಡೋಕಾಗುತ್ತೆ? ತಂದ ಊಟ ಹಾಳಾಗೋದು ಬೇಡ, ಚಾಪೆ ಹಾಸಿ." ಆಮೇಲೆ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುಂಜಿದನ ಕೈಗೆ ಕೊಟ್ಟು, ಅವನ ತಾಯಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು. "ತಗೋ ಮಗನೇ. ಇನ್ನೊಂದು ತಿನ್ನು."

ಆ 'ಇನ್ನೊಂದು' ಎಂಬ ಮಾತು ಕಿವಿಗೆ ಬಿದ್ದದ್ದೇ ರುದೈನಾಳ ಮುಖ ಮೆಣಸಿನ ಲೇಪಕ್ಕಿಂತ ಕೆಂಪಾಯಿತು. ಭೌತಶಾಸ್ತ್ರದ ಮೇಡಂ ಹಾಗೆ ತಬ್ಬಿಬ್ಬಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಾಪೆ ಹಾಸಿದೆವು. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಗೋಧಿ ನುಚ್ಚಿನೊಳಗೆ ಮಾಂಸ ತುಂಬಿದ ಕಿಬ್ಬೆ, ಪಾಲಕ್ ತುಂಬಿದ ಕಡುಬು, ಹಸಿ ಈರುಳ್ಳಿ, ಆಲಿವ್. ಮಾವನನ್ನು ಎಬ್ಬಿಸಿ ತಂದೆವು. ಅವರು ಸೋಂಪಿನ ಮದ್ಯ ಅರಕ್ಕಿನ ಬಾಟಲಿ ತೆಗೆದು, ಮುಂಜಿದನ ಲೋಟಕ್ಕೆ ಸುರಿದು, "ನಿನ್ನ ಹೆಸರೇನಪ್ಪ?" ಎಂದರು. ಇಡೀ ಪ್ರಸಂಗ ಅವರಿಗೆ ಗೊತ್ತೇ ಇರಲಿಲ್ಲ. ಹೇಳಿದಾಗ, "ಒಳ್ಳೇದಾಯ್ತು. ಟೊಮೆಟೊ ಪಂಪಿನ ಎಂಜಿನ್ ಕೆಟ್ಟು ಒಂದು ವಾರ ಆಯ್ತು, ನಾಳೆ ಬಂದು ನೋಡ್ತೀಯಾ?" ಎಂದು ಕೇಳಿದರು. ಮುಂಜಿದ್ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ ಎಂದ. ಅತ್ತೆ ಉಮ್ ಮುಂಜಿದರಿಗೆ ಮೊಣಕೈಯಿಂದ ತಿವಿದರು. ಆಕೆಗೆ ಯಾಕೆಂದು ಅರ್ಥವಾಗಲಿಲ್ಲ, ಆದರೂ ತಿರುಗಿ ತಿವಿದರು.

ಕಾಲೇಜು ಹುಡುಗರಿಗೆ ಜಗಳ ಇಷ್ಟು ಬೇಗ ಮುಗಿದದ್ದು ಬೇಸರವಾಗಿರಬೇಕು. ಅವರು ಮತ್ತೆ ಡೋಲು ಶುರು ಮಾಡಿದರು. ಕೈ ಕೈ ಹಿಡಿದು ಸಾಲಾಗಿ ದಬ್ಕೆ ಕುಣಿತ ಶುರುವಾಯಿತು. ಅತ್ತೆ ಎದ್ದು ಸಾಲಿನ ತುದಿ ಹಿಡಿದು ಕರವಸ್ತ್ರ ಬೀಸಿದರು. ಅವರ ಪಕ್ಕಕ್ಕೆ ಉಮ್ ಮುಂಜಿದ್, ಆಮೇಲೆ ನಾನು, ಆಮೇಲೆ ಐಸ್‌ಕ್ರೀಮಿನವನು. ರುದೈನಾ ಒಂದು ಹುಡುಗಿಯ ಕೈ ಹಿಡಿದು ಕುಣಿಯುತ್ತಿದ್ದಳು. ಸಾಲು ಒಂದು ಸುತ್ತು ಬರುವಷ್ಟರಲ್ಲಿ ಆ ಹುಡುಗಿ ಎಲ್ಲೋ ಹೋಗಿ ಅಲ್ಲಿ ಮುಂಜಿದ್ ಇದ್ದ. ಆ ಕಪ್ಪು ಕಲ್ಲಿನ ಅಂಗಳದಲ್ಲಿ ನಮ್ಮ ಕಾಲಿನ ಸದ್ದು ಎಷ್ಟು ಜೋರಾಗಿತ್ತೆಂದರೆ, ಮುಚ್ಚುವ ಹೊತ್ತಾಯಿತು ಎಂದು ಹೇಳಲು ಬಂದ ಕಾವಲುಗಾರ ಬೀಗದ ಕೈ ಗೊಂಚಲಿನಿಂದಲೇ ತಾಳ ಹಾಕುತ್ತ ಸಾಲಿಗೆ ಸೇರಿಕೊಂಡ.

ಮುಂಜಿದ್ ಮತ್ತು ಅವನ ತಾಯಿ ಬಂದಿದ್ದ ಬಾಡಿಗೆ ಕಾರು ಹೊರಟುಹೋಗಿತ್ತು. ತರ್ತೂಸಿನ ಬಸ್ಸು ಸಿಗುವ ಹೆದ್ದಾರಿಯವರೆಗೆ ನಮ್ಮ ಪಿಕಪ್ಪಿನಲ್ಲೇ ಬರಲಿ ಎಂದರು ಮಾವ. ಮುಂದೆ ಇಬ್ಬರು ತಾಯಂದಿರು ಮಾವನನ್ನು ಬಾಗಿಲಿಗೆ ಒತ್ತಿ ಕೂತರು. ಹಿಂದೆ ನಾವು ಮೂವರು, ನಡುವೆ ಖಾಲಿ ಬುಟ್ಟಿ. ಸೂರ್ಯ ನೀರಿಗೆ ತಾಗಿತ್ತು. ಇಳಿಜಾರಿನ ಮೊದಲ ತಿರುವಿನಲ್ಲೇ ಮುಂದಿನಿಂದ ಮದುವೆ ಮನೆಯ ಉಲಿ ಎದ್ದಿತು, ನಾಲಿಗೆ ಹೊರಳಿಸಿ ಎತ್ತಿದ ಕೇಕೆ. ಒಬ್ಬರು ಮುಗಿಸಿದರೆ ಇನ್ನೊಬ್ಬರು. ದಾರಿಬದಿಯ ಮನೆಗಳಿಂದ ಹೆಂಗಸರು ಹೊರಬಂದು, ಯಾರೆಂದು ಗೊತ್ತಿಲ್ಲದಿದ್ದರೂ, ತಾವೂ ಕೇಕೆ ಹಾಕಿದರು.

ರುದೈನಾ ಹಿಂದಿನ ಗಾಜನ್ನು ಬಡಿದಳು. "ಅಮ್ಮಾ! ಯಾರ ಮದುವೆ ಇದು?"

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. ತುಟಿಯ ಬಣ್ಣವೆಲ್ಲ ಅಳಿಸಿ ಗಲ್ಲಕ್ಕೆ ಬಂದಿತ್ತು. "ನಿನಗ್ಯಾಕೆ? ನೀನು ಬೇಡ ಅಂದ್ಯಲ್ಲ! ನಾವು ನಮ್ಮ ಖುಷಿಗೆ ಕೂಗ್ತಾ ಇದೀವಿ!"

ಮುಂಜಿದ್ ಮರುದಿನ ಬಂದು ಪಂಪು ಸರಿಮಾಡಿದ. ಅದರ ಮರುದಿನ ಸರಿಯಾಗಿದ್ದ ಪಂಪನ್ನು ಮತ್ತೊಮ್ಮೆ ನೋಡಲು ಬಂದ. ಅವನು ಹಡಗಿಗೆ ಹೊರಡುವ ಮುಂಚೆ ನಮ್ಮ ಹಜಾರದಲ್ಲಿ ಉಂಗುರ ಬದಲಾಯಿಸಿದರು. ಮದುವೆ ಶರತ್ಕಾಲದಲ್ಲಿ, ಆಲಿವ್ ಕೊಯ್ಲು ಮುಗಿದ ಮೇಲೆ, ಶಾಲೆಗೆ ರಜೆ ಇದ್ದ ವಾರ ನೋಡಿಕೊಂಡು ಆಯಿತು. ಆ ದಿನ ಹುಡುಗಿಯನ್ನು ಒಪ್ಪಿಸುವಾಗ ಅತ್ತೆ ಅತ್ತರು, ಉಮ್ ಮುಂಜಿದ್ ಅತ್ತೆಗಿಂತ ಜೋರಾಗಿ ಅತ್ತರು. ನೋಡಿದವರಿಗೆ ಯಾರು ಹೆಣ್ಣಿನ ತಾಯಿ, ಯಾರು ಗಂಡಿನ ತಾಯಿ ಎಂದು ಗೊತ್ತಾಗಲಿಲ್ಲ.